ಗೆಳೆಯರ ಆಂಬಿಯೆಂಟ್ ಟ್ರ್ಯಾಕ್‌ಗೆ ಉಪಯೋಗಕ್ಕೆ ಬರುವಂಥ ಫೀಡ್‌ಬ್ಯಾಕ್ ಕೊಡುವುದು ಹೇಗೆ?

"ಹೊಸ ಟ್ರ್ಯಾಕ್ ಕಳಿಸಿದ್ದೀನಿ, ಕೇಳಿ ಹೇಳು." ಒಂಬತ್ತು ನಿಮಿಷದ ಫೈಲ್. ಆಂಬಿಯೆಂಟ್, ಅಂದರೆ ಒಂದು ವಾತಾವರಣ ಕಟ್ಟುವ ನಿಧಾನ ಸಂಗೀತ. ತಾಳ ಇಲ್ಲ, ಹಾಡಿಲ್ಲ. ಪ್ಯಾಡ್ (ಮೆತ್ತಗೆ ಹರಡುವ ಉದ್ದ ಸ್ವರಗಳು), ಡ್ರೋನ್ (ತಂಬೂರಿಯಂತೆ ಒಂದೇ ಸಮನೆ ಹಿಡಿದ ಸ್ವರ), ದೂರದಲ್ಲೆಲ್ಲೋ ನೀರಿನ ಸದ್ದು. ನಾವು ಎರಡು ನಿಮಿಷ ಕೇಳಿ, ಮಧ್ಯಕ್ಕೆ ಹಾರಿ, ಕೊನೆಗೆ ಹಾರಿ, "ಸೂಪರ್, ಒಳ್ಳೇ ಫೀಲ್ ಇದೆ" ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಇಲ್ಲವಾದರೆ "ಚೆನ್ನಾಗಿದೆ, ಆದ್ರೆ ಏನೂ ಆಗ್ತಾನೇ ಇಲ್ಲ, ಒಂದು ಬೀಟ್ ಹಾಕಿ ನೋಡು" ಅನ್ನುತ್ತೇವೆ. ಮೊದಲನೆಯದರಿಂದ ಅವರಿಗೆ ಏನೂ ಸಿಗುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ಏನೂ ಆಗದಂತೆ ಇರಲಿ ಎಂದೇ ಅವರು ವಾರಗಟ್ಟಲೆ ಕೂತು ಮಾಡಿರುತ್ತಾರೆ.

ಈ ಬಗೆಯ ಸಂಗೀತದಲ್ಲಿ ತಪ್ಪು ಯಾವುದು, ಬೇಕೆಂದೇ ಮಾಡಿದ್ದು ಯಾವುದು ಎಂದು ತಟ್ಟನೆ ಗೊತ್ತಾಗುವುದಿಲ್ಲ. ಸದ್ದು ಮಸುಕಾಗಿದೆ, ಶ್ರುತಿ ಸ್ವಲ್ಪ ಆಚೀಚೆ ಇದೆ, ಹಿಂದೆ ಏನೋ ಗೊರಗೊರ ಅನ್ನುತ್ತಿದೆ. ಎಲ್ಲವೂ ತಪ್ಪಿರಬಹುದು, ಎಲ್ಲವೂ ಬೇಕಾಗಿಯೇ ಇಟ್ಟಿದ್ದಿರಬಹುದು. ಹಾಗಾಗಿ ಕ್ರಮ ಮುಖ್ಯ. ನಿಮಗೆ ಏನು ಕೇಳಿಸಿತು ಎಂದು ಮೊದಲು ಹೇಳಿ, ಅದು ಬೇಕಿತ್ತಾ ಎಂದು ಆಮೇಲೆ ಕೇಳಿ, ಸರಿ ಮಾಡುವ ಮಾತು ಅದಾದ ಮೇಲೆ. ಹೆಚ್ಚಿನವರು ಕೊನೆಯದರಿಂದಲೇ ಶುರು ಮಾಡುತ್ತಾರೆ, ಎಡವುವುದೂ ಅಲ್ಲೇ.

## ಏನೇನು ಬೇಕು

ದುಬಾರಿ ಸಾಮಾನೇನೂ ಬೇಡ. ವೈರ್ ಇರುವ ಒಂದು ಹೆಡ್‌ಫೋನ್, ಫೋನಿನದೋ ಲ್ಯಾಪ್‌ಟಾಪಿನದೋ ಸಾಧಾರಣ ಸ್ಪೀಕರ್, ನಿಮಿಷ-ಸೆಕೆಂಡ್ ತೋರಿಸುವ ಪ್ಲೇಯರ್, ಒಂದು ಹಾಳೆ, ಪೆನ್ನು. ಟಿಪ್ಪಣಿಯನ್ನು ಫೋನಿನಲ್ಲೇ ಬರೆದುಕೊಳ್ಳಬಹುದು, ಆದರೆ ಮಧ್ಯದಲ್ಲಿ ಮೆಸೇಜ್ ಬಂದರೆ ಕಿವಿ ಅತ್ತ ಹೋಗುತ್ತದೆ.

ಬ್ಲೂಟೂತ್ ಹೆಡ್‌ಫೋನ್ ಮಾತ್ರ ಇದ್ದರೂ ನಡೆಯುತ್ತದೆ, ಆದರೆ ಸುತ್ತಲಿನ ಗದ್ದಲ ಅಡಗಿಸುವ ನಾಯ್ಸ್ ಕ್ಯಾನ್ಸಲೇಶನ್ ಆಫ್ ಮಾಡಿ. ಕೆಲವು ಹೆಡ್‌ಫೋನ್‌ಗಳಲ್ಲಿ ಅದು ಬೇಸ್ ಕೇಳಿಸುವ ರೀತಿಯನ್ನೇ ಬದಲಿಸುತ್ತದೆ. ಫೋನಿನ "ಬೇಸ್ ಬೂಸ್ಟ್", "3ಡಿ ಸೌಂಡ್" ಥರದ್ದೆಲ್ಲ ಆಫ್ ಇದೆಯಾ ನೋಡಿ.

ಸಾಧ್ಯವಾದರೆ ಕುಗ್ಗಿಸದ ವೇವ್ (WAV) ಫೈಲ್ ಕೇಳಿ ತರಿಸಿಕೊಳ್ಳಿ. ಚ್ಯಾಟ್ ಆ್ಯಪ್‌ನಲ್ಲಿ ಬಂದ ಫೈಲ್ ಎಷ್ಟೋ ಸಲ ಕುಗ್ಗಿರುತ್ತದೆ. ಕಡಿಮೆ ಬಿಟ್‌ರೇಟಿನ, ಅಂದರೆ ತುಂಬಾ ಕುಗ್ಗಿಸಿದ ಎಂಪಿ3ಯಲ್ಲಿ ರಿವರ್ಬಿನ (ಸದ್ದಿನ ಹಿಂದೆ ಉಳಿಯುವ ಅನುರಣನದ) ಬಾಲ ಮತ್ತು ಉದ್ದ ಪ್ಯಾಡ್‌ಗಳು ಹಾಳಾಗಬಹುದು, ನೀರಿನೊಳಗೆ ಸುಳಿದಂತೆ ಕೇಳಿಸುತ್ತವೆ. ಅದನ್ನು ಸಂಗೀತಗಾರರ ತಪ್ಪು ಎಂದು ಬರೆದುಬಿಟ್ಟರೆ ಮುಂದಿನದ್ದನ್ನು ಅವರು ಓದುವುದೇ ಇಲ್ಲ.

## ಹಂತ 1: ಪ್ಲೇ ಒತ್ತುವ ಮೊದಲು ಮೂರು ಪ್ರಶ್ನೆ

ಕಳಿಸಿದವರನ್ನೇ ಕೇಳಿ. ಮೊದಲನೆಯದು, ಇದು ಎಲ್ಲಿಗೆ? ಸುಮ್ನೆ ಕೂತು ಕೇಳುವ ಆಲ್ಬಮ್ಮಿಗೋ, ಗೇಮ್‌ನಲ್ಲಿ ಹಿಂದೆ ಓಡುವುದಕ್ಕೋ, ಸಿನಿಮಾದಲ್ಲಿ ಮಾತಿನ ಕೆಳಗೆ ಇಡುವುದಕ್ಕೋ, ನಿದ್ದೆ ಮಾಡುವವರಿಗೋ? ಮಾತಿನ ಕೆಳಗೆ ಕೂರಬೇಕಾದ ಟ್ರ್ಯಾಕ್‌ನಲ್ಲಿ ಮಧ್ಯದ ಸ್ವರಗಳ (ಮಾತಿನ ಮಟ್ಟದ) ಜಾಗ ಖಾಲಿ ಇರುವುದು ಒಳ್ಳೆಯದು, ಆಲ್ಬಮ್‌ನಲ್ಲಿ ಅದೇ ಟೊಳ್ಳು ಅನ್ನಿಸಬಹುದು. ಎಲ್ಲಿಗೆ ಎಂದು ಗೊತ್ತಿಲ್ಲದೆ ಸರಿ-ತಪ್ಪು ಹೇಳುವುದು ಹೇಗೆ?

ಎರಡನೆಯದು, ಎಷ್ಟರಮಟ್ಟಿಗೆ ಮುಗಿದಿದೆ? ಕರಡೋ, ಮಿಕ್ಸ್ (ಸದ್ದುಗಳನ್ನು ಹದವಾಗಿ ಸೇರಿಸುವ) ಹಂತವೋ, ನಾಳೆ ಬಿಡುಗಡೆಯೋ? ನಾಳೆ ಬಿಡುಗಡೆ ಅಂದವರಿಗೆ "ಮೊದಲ ಮೂರು ನಿಮಿಷ ಪೂರ್ತಿ ತೆಗೆದುಹಾಕು" ಎಂದು ಬರೆಯುವುದು ಕ್ರೌರ್ಯ. ಕರಡು ಕಳಿಸಿದವರಿಗೆ 3 ಕಿಲೋಹರ್ಟ್ಜ್‌ನ (ಸೆಕೆಂಡಿಗೆ 3,000 ಕಂಪನದ ಮೇಲಿನ ಸ್ವರದ) ಚೂರು ಚುಚ್ಚುವಿಕೆ ಬಗ್ಗೆ ಪ್ಯಾರಾ ಬರೆಯುವುದು ದಂಡ, ಆ ಸದ್ದೇ ನಾಳೆ ಅಲ್ಲಿ ಇರುವುದಿಲ್ಲ.

ಮೂರನೆಯದು, ನಿಮಗೆ ಯಾವುದರ ಬಗ್ಗೆ ಅನುಮಾನ ಇದೆ? ಇದಕ್ಕೆ ಹೆಚ್ಚಿನವರ ಹತ್ತಿರ ಉತ್ತರ ಇರುತ್ತದೆ. "ನಾಲ್ಕನೇ ನಿಮಿಷದ ಹತ್ತಿರ ಬೇಜಾರಾಗುತ್ತಾ ಅಂತ ನೋಡು" ಅನ್ನುತ್ತಾರೆ. ಆ ಒಂದು ಸಾಲಿನಿಂದ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಮೊದಲ ಸಲ ಕೇಳಿ ಮುಗಿಯುವವರೆಗೆ ಆ ಉತ್ತರವನ್ನು ಓದಬೇಡಿ. ಓದಿದರೆ ನಾಲ್ಕನೇ ನಿಮಿಷಕ್ಕೆ ಕಾದು ಕೂತು ಬೇಜಾರು ಮಾಡಿಕೊಳ್ಳುತ್ತೀರಿ.

## ಹಂತ 2: ಕಿವಿ ಸರಿ ಇದೆಯಾ, ವಾಲ್ಯೂಮ್ ಎಷ್ಟು

ನಿಮಗೆ ಚೆನ್ನಾಗಿ ಪರಿಚಯ ಇರುವ ಬೇರೆ ಯಾವುದಾದರೂ ಟ್ರ್ಯಾಕನ್ನು ಒಂದು ನಿಮಿಷ ಕೇಳಿ. ಅದು ಎಂದಿನಂತೆ ಕೇಳಿಸಿದರೆ ಮುಂದಕ್ಕೆ ಹೋಗಿ. ಈ ಒಂದು ನಿಮಿಷ ಉಳಿಸಲು ಹೋಗಿ ನಾನು ಒಮ್ಮೆ ಗೆಳತಿಗೆ "ಎಡಗಡೆಯ ಪ್ಯಾಡ್ ತುಂಬಾ ಸಣ್ಣಗಿದೆ, ಇಡೀ ಮಿಕ್ಸ್ ಬಲಕ್ಕೆ ವಾಲಿದೆ" ಎಂದು ಎರಡು ಪ್ಯಾರಾ ಬರೆದಿದ್ದೆ. ಅವಳು ಪಾಪ ಒಂದು ಸಂಜೆ ಪೂರ್ತಿ ಮಿಕ್ಸ್ ತೆರೆದು ತಲೆ ಕೆಡಿಸಿಕೊಂಡಳು. ಕೊನೆಗೆ ನೋಡಿದರೆ ನನ್ನ ಹೆಡ್‌ಫೋನಿನ ಎಡಗಡೆಯ ವೈರ್ ಸಡಿಲ.

ವಾಲ್ಯೂಮ್ ಒಂದು ಮಟ್ಟಕ್ಕೆ ಇಟ್ಟು ಕೊನೆಯವರೆಗೂ ಮುಟ್ಟಬೇಡಿ. ಸದ್ದು ಸಣ್ಣಗಿದ್ದರೆ ನಮ್ಮ ಕಿವಿಗೆ ಬೇಸ್ ಮತ್ತು ತೀರಾ ಮೇಲಿನ ಸ್ವರಗಳು ಕಡಿಮೆ ಕೇಳಿಸುತ್ತವೆ. ಕಿವಿ ಇರುವುದೇ ಹಾಗೆ. ತೀರಾ ಮೆಲ್ಲಗೆ ಇಟ್ಟುಕೊಂಡು "ಬೇಸ್ ಇಲ್ಲ" ಎಂದರೆ ಅದು ಟ್ರ್ಯಾಕಿನ ದೋಷ ಅಲ್ಲ.

## ಹಂತ 3: ಮೊದಲ ಸಲ ಸುಮ್ನೆ ಕೇಳಿ

ಪೂರ್ತಿ. ಒಂದೇ ಸಲಕ್ಕೆ. ನಿಲ್ಲಿಸಬೇಡಿ, ಹಾರಿಸಬೇಡಿ, ಬರೆಯಬೇಡಿ. ಸ್ಕ್ರೀನ್ ಕಡೆಯೂ ನೋಡಬೇಡಿ. ಪ್ಲೇಯರಿನಲ್ಲಿ ಸದ್ದಿನ ಅಲೆಯ ಚಿತ್ರ ಕಣ್ಣೆದುರು ಓಡುತ್ತಿದ್ದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಏನೋ ಬರುತ್ತದೆ ಎಂದು ಕಣ್ಣು ಮೊದಲೇ ಹೇಳಿಬಿಡುತ್ತದೆ, ಕಿವಿಗೆ ಕೆಲಸವೇ ಇರುವುದಿಲ್ಲ.

ಈ ಸಂಗೀತ ಕೆಲಸ ಮಾಡುವುದೇ ನಿಧಾನಕ್ಕೆ. ಆರು ನಿಮಿಷ ಒಂದೇ ಡ್ರೋನ್ ಕೇಳಿದ ಮೇಲೆ ಬರುವ ಒಂದು ಪಿಯಾನೊ ಸ್ವರಕ್ಕೆ ಇರುವ ತೂಕ, ಅಲ್ಲಿಗೆ ನೇರ ಹಾರಿದವರಿಗೆ ಗೊತ್ತಾಗುವುದಿಲ್ಲ. ಹಾರಿಸಿ ಕೇಳಿದ್ದರೆ ಫೀಡ್‌ಬ್ಯಾಕ್ ಕೊಡಬೇಡಿ. "ಇನ್ನೂ ಪೂರ್ತಿ ಕೇಳಿಲ್ಲ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮುಗಿದ ಕೂಡಲೇ ಐದಾರು ಸಾಲು ಬರೆಯಿರಿ. ಎಲ್ಲಿದ್ದ ಹಾಗೆ ಅನ್ನಿಸಿತು? ದೊಡ್ಡ ಜಾಗವೋ, ಚಿಕ್ಕ ಕೋಣೆಯೋ? ಬೆಚ್ಚಗಿತ್ತಾ, ತಣ್ಣಗಿತ್ತಾ? ಯಾವಾಗ ಮನಸ್ಸು ಬೇರೆಲ್ಲೋ ಹೋಯಿತು? ಯಾವಾಗ ತಟ್ಟನೆ ವಾಪಸ್ ಬಂತು? ಇದು ಹಗುರವಾದ ಮಾತು ಅನ್ನಿಸಬಹುದು, ಆದರೆ ಮಾಡಿದವರಿಗೆ ಇದಕ್ಕಿಂತ ದೊಡ್ಡ ಮಾಹಿತಿ ಇಲ್ಲ. ಅವರು ಅದನ್ನು ನೂರಾರು ಸಲ ಕೇಳಿರುತ್ತಾರೆ. ಮೊದಲ ಸಲ ಕೇಳುವ ಕಿವಿ ಅವರಿಗೆ ಇನ್ನು ಸಿಗುವುದಿಲ್ಲ, ನಿಮಗೂ ಅದು ಒಂದೇ ಸಲ.

## ಹಂತ 4: ಎರಡನೇ ಸಲ, ನಿಮಿಷ-ಸೆಕೆಂಡ್ ಸಮೇತ

ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಕೇಳಿ. ಒಂದೇ ಬಗೆಯ ಸದ್ದನ್ನು ಜಾಸ್ತಿ ಹೊತ್ತು ಕೇಳಿದರೆ ಕಿವಿ ಅದಕ್ಕೆ ಒಗ್ಗಿಕೊಂಡು ಚುಚ್ಚುವಿಕೆಯೂ ಸಹಜ ಅನ್ನಿಸತೊಡಗುತ್ತದೆ.

ಈ ಸಲ ಏನೇ ಗಮನಕ್ಕೆ ಬಂದರೂ ಸಮಯ ಹಾಕಿ ಬರೆಯಿರಿ. ಕಾರಣ, ಪರಿಹಾರ ಏನೂ ಬೇಡ, ಕೇಳಿದ್ದು ಮಾತ್ರ. ನನ್ನ ಒಂದು ಹಾಳೆಯಲ್ಲಿ ಇದ್ದದ್ದು ಹೀಗೆ:

1:12 ಬಲಗಡೆ ಟಿಕ್ ಎಂದು ಸಣ್ಣ ಸದ್ದು.
2:40 ಹೊಸ ಪ್ಯಾಡ್ ಬಂತು, ಬಂದಿದ್ದೇ ಗೊತ್ತಾಗಲಿಲ್ಲ, ಖುಷಿಯಾಯಿತು.
3:05ರಿಂದ 4:30 ಹಕ್ಕಿ. ಅದೇ ಹಕ್ಕಿ. ಮತ್ತೆ ಅದೇ.
5:50 ಎದೆ ಮೇಲೆ ಏನೋ ಕೂತ ಹಾಗೆ.
8:58 ಮುಗಿಯಿತು? ಇಷ್ಟು ಬೇಗ?

ಇಷ್ಟವಾದ ಜಾಗಕ್ಕೂ ಸಮಯ ಹಾಕಿ. ಇದು ಸಮಾಧಾನಕ್ಕೆ ಸೇರಿಸುವ ಸಕ್ಕರೆ ಅಂದುಕೊಳ್ಳಬೇಡಿ. 2:40 ಚೆನ್ನಾಗಿದೆ ಎಂದು ಗೊತ್ತಾಗದಿದ್ದರೆ ಮುಂದಿನ ಮಿಕ್ಸ್‌ನಲ್ಲಿ ಅವರು ಅದನ್ನೇ ತೆಗೆದುಬಿಡಬಹುದು.

## ಹಂತ 5: ಮೂರನೇ ಸಲ, ಅನುಮಾನದ ಜಾಗಗಳನ್ನು ಹಿಡಿದು

ಈಗ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು. ಬರೆದುಕೊಂಡ ಜಾಗಗಳಲ್ಲಿ ನಿಜಕ್ಕೂ ಏನಾಗುತ್ತಿದೆ ಎಂದು ಹುಡುಕುವ ಹಂತ ಇದು. ಆಂಬಿಯೆಂಟ್ ಟ್ರ್ಯಾಕ್‌ಗಳಲ್ಲಿ ತೊಂದರೆ ಬರುವುದು ಹೆಚ್ಚಾಗಿ ಇವೇ ಕಡೆ.

ರಿವರ್ಬ್ ಗೊಜ್ಜಾಗಿರುವುದು. 5:50ರಲ್ಲಿ ಎದೆ ಮೇಲೆ ಕೂತದ್ದು ಇದೇ. ರಿವರ್ಬ್ 10 ಸೆಕೆಂಡ್ ಉಳಿಯುತ್ತದೆ, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) 4 ಸೆಕೆಂಡಿಗೊಮ್ಮೆ ಬದಲಾಗುತ್ತದೆ ಎಂದುಕೊಳ್ಳಿ. ಹಿಂದಿನ ಎರಡು ಕಾರ್ಡ್‌ಗಳು ಇನ್ನೂ ಗಾಳಿಯಲ್ಲಿರುವಾಗಲೇ ಮೂರನೆಯದು ಬರುತ್ತದೆ. ಎರಡು ಕಾರ್ಡ್‌ಗಳಿಗೆ ಹೊಂದಿಕೆ ಇದ್ದರೆ ಚೆಂದ, ಇಲ್ಲದಿದ್ದರೆ ಕೆಸರು. ಅದರ ಜೊತೆ 200ರಿಂದ 500 ಹರ್ಟ್ಜ್ ಆಸುಪಾಸಿನಲ್ಲಿ ಪ್ಯಾಡ್, ಡ್ರೋನ್, ರಿವರ್ಬ್ ಎಲ್ಲವೂ ಒಟ್ಟಿಗೆ ಗುಂಪುಗೂಡುತ್ತವೆ. ರಿವರ್ಬ್ ಚಾನೆಲ್ಲಿನಲ್ಲಿ 200-300 ಹರ್ಟ್ಜ್ ಕೆಳಗಿನದನ್ನು ಈಕ್ಯೂನಿಂದ (ಸದ್ದಿನ ಯಾವ ಭಾಗ ಎಷ್ಟಿರಬೇಕೆಂದು ತಿದ್ದುವ ಸಾಧನದಿಂದ) ಕಡಿದು ನೋಡಿ ಎಂದು ಸೂಚಿಸಬಹುದು. "ರಿವರ್ಬ್ ಕಡಿಮೆ ಮಾಡು" ಎಂದು ಮಾತ್ರ ಹೇಳಬೇಡಿ. ಈ ಸಂಗೀತದಲ್ಲಿ ರಿವರ್ಬ್ ಅಂದರೆ ಮನೆಯ ಗೋಡೆ ಇದ್ದ ಹಾಗೆ, ಗೋಡೆ ಕಡಿಮೆ ಮಾಡು ಅಂದರೆ ಏನು ಮಾಡುತ್ತಾರೆ?

ಲೂಪ್ (ಸುತ್ತಿ ಸುತ್ತಿ ಬರುವ ತುಣುಕು) ತಾನು ಲೂಪ್ ಎಂದು ಬಾಯಿಬಿಟ್ಟು ಹೇಳುವುದು. ಹಕ್ಕಿಯ ಕತೆ. ಫೀಲ್ಡ್ ರೆಕಾರ್ಡಿಂಗ್ (ಹೊರಗೆ ಹೋಗಿ ಹಿಡಿದ ಸದ್ದು) 12 ಸೆಕೆಂಡಿನದು, ಅದನ್ನೇ ಸುತ್ತಿಸಿದ್ದಾರೆ, ಅದರಲ್ಲಿ ಒಂದು ಹಕ್ಕಿ ಮಾತ್ರ ಗಟ್ಟಿಯಾಗಿ ಕೂಗುತ್ತದೆ. ಮೂರನೇ ಕೂಗಿಗೆ ಕಿವಿ ಹಿಡಿದುಬಿಡುತ್ತದೆ, ಆಮೇಲೆ ಹಕ್ಕಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಗಡಿಯಾರ ಹಿಡಿದು ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ ಎಂದು ಅಳೆದು ಆ ಸಂಖ್ಯೆಯನ್ನೇ ಬರೆಯಿರಿ. ಪರಿಹಾರ ಕೇಳಿದರೆ ಎರಡು ದಾರಿ. ಆ ಒಂದು ಕೂಗನ್ನು ಕೆಲವು ಸುತ್ತಿನಲ್ಲಿ ಅಳಿಸುವುದು ಒಂದು. ಉದ್ದ ಹೊಂದದ ಎರಡು ಲೂಪ್ ಒಟ್ಟಿಗೆ ಓಡಿಸುವುದು ಇನ್ನೊಂದು. 16 ಮತ್ತು 24 ಸೆಕೆಂಡಿನ ಲೂಪ್‌ಗಳು 48 ಸೆಕೆಂಡಿಗೆ ಮತ್ತೆ ಒಟ್ಟಿಗೆ ಶುರುವಾಗುತ್ತವೆ. 17 ಮತ್ತು 23 ಸೆಕೆಂಡಿನವು ಹಾಗೆ ಒಟ್ಟಾಗಲು 391 ಸೆಕೆಂಡ್, ಅಂದರೆ ಆರೂವರೆ ನಿಮಿಷ ಬೇಕು. ಅಷ್ಟರಲ್ಲಿ ಟ್ರ್ಯಾಕೇ ಮುಗಿಯುತ್ತಾ ಬಂದಿರುತ್ತದೆ.

1:12ರ ಟಿಕ್ ಕೂಡ ಲೂಪಿನದೇ ಇರಬಹುದು. ಎರಡು ತುದಿ ಸೇರುವಲ್ಲಿ ಸಣ್ಣ ಕ್ರಾಸ್‌ಫೇಡ್ (ಒಂದು ಇಳಿಯುತ್ತಾ ಇನ್ನೊಂದು ಏರುವ ಬೆಸುಗೆ) ಇಲ್ಲದಿದ್ದರೆ ಹಾಗೆ ಟಿಕ್ ಅನ್ನುತ್ತದೆ. ಅದು ಮತ್ತೆ ಮತ್ತೆ ಅದೇ ಅಂತರದಲ್ಲಿ ಬಂದರೆ ಬಹುಮಟ್ಟಿಗೆ ಲೂಪೇ ಎಂದುಕೊಳ್ಳಿ.

ಶ್ರುತಿ ಅಲೆಯುವುದು. ಎರಡು ಡ್ರೋನ್ ಚೂರು ಆಚೀಚೆ ಇದ್ದರೆ ಸದ್ದು ಉಬ್ಬಿ ಇಳಿದು ಉಬ್ಬಿ ಇಳಿಯುತ್ತದೆ. 110 ಮತ್ತು 111 ಹರ್ಟ್ಜ್ ಒಟ್ಟಿಗೆ ನುಡಿದರೆ ಸೆಕೆಂಡಿಗೊಮ್ಮೆ ಉಬ್ಬು. 110 ಮತ್ತು 110.1 ಆದರೆ ಹತ್ತು ಸೆಕೆಂಡಿಗೊಮ್ಮೆ, ಉಸಿರಾಡಿದ ಹಾಗೆ. ಎರಡನೆಯದನ್ನು ಬಹಳ ಜನ ಬೇಕೆಂದೇ ಮಾಡುತ್ತಾರೆ. ಹಾಗಾಗಿ "ಶ್ರುತಿ ಸರಿ ಇಲ್ಲ" ಎಂದು ತೀರ್ಪು ಕೊಡಬೇಡಿ, "ಇಲ್ಲಿ ಉಬ್ಬಿಳಿತ ಕೇಳಿಸ್ತು, ಸ್ವಲ್ಪ ತಲೆ ಸುತ್ತಿದ ಹಾಗಾಯ್ತು, ಬೇಕಂತಲೇ ಮಾಡಿದ್ದಾ?" ಎಂದು ಕೇಳಿ.

ಅಗಲ ಮಾಡಲು ಹೋಗಿ ಮಾಯವಾಗುವುದು. ಪ್ಯಾಡನ್ನು ಪ್ಲಗಿನ್ (ಸದ್ದು ಬದಲಿಸುವ ಚಿಕ್ಕ ಸಾಫ್ಟ್‌ವೇರ್) ಹಾಕಿ ಎಡಬಲಕ್ಕೆ ಎಳೆದು ಎಳೆದು ಅಗಲ ಮಾಡಿರುತ್ತಾರೆ. ಹೆಡ್‌ಫೋನಿನಲ್ಲಿ ಆಕಾಶ. ಎಡ-ಬಲ ಸೇರಿಸಿ ಮೋನೋ ಮಾಡಿದರೆ ಎರಡೂ ಒಂದನ್ನೊಂದು ಕೊಂದುಕೊಂಡು ಪ್ಯಾಡೇ ಕಾಣೆ. ಪರೀಕ್ಷಿಸುವುದು ಸುಲಭ: ಫೋನಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸಿಬಿಲಿಟಿ ಕೆಳಗೆ ಮೋನೋ ಆಡಿಯೋ ಎಂಬ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ ಒಂದು ನಿಮಿಷ ಕೇಳಿ. ಆಫ್ ಮಾಡಲು ಮರೆಯಬೇಡಿ, ನಾನು ಮರೆತು ವಾರವಿಡೀ ಎಲ್ಲ ಹಾಡೂ ಚಪ್ಪಟೆಯಾಗಿದೆ ಎಂದು ಗೊಣಗಿದ್ದೇನೆ.

ಕೊನೆ ಕತ್ತರಿಸಿ ಹೋಗುವುದು. ತುಂಬಾ ಸಾಮಾನ್ಯ, ಆದರೂ ಮಾಡಿದವರಿಗೇ ಕಾಣಿಸದ ತಪ್ಪು. ಕೊನೆಯ ಸ್ವರ ಮುಗಿದಲ್ಲಿಗೆ ಎಕ್ಸ್‌ಪೋರ್ಟ್ (ಫೈಲಾಗಿ ಹೊರತೆಗೆಯುವ) ಗೆರೆ ಹಾಕಿರುತ್ತಾರೆ, ರಿವರ್ಬ್ ಇನ್ನೂ ಏಳೆಂಟು ಸೆಕೆಂಡ್ ಉಳಿದಿರುತ್ತದೆ, ಅದು ಕಚಕ್ ಎಂದು ತುಂಡಾಗುತ್ತದೆ. ಅವರ ಪ್ರಾಜೆಕ್ಟಿನಲ್ಲಿ ಕೇಳುವಾಗ ಸದ್ದು ಪೂರ್ತಿ ಆರುತ್ತದೆ, ಎಕ್ಸ್‌ಪೋರ್ಟ್ ಆದ ಫೈಲಿನಲ್ಲಿ ಮಾತ್ರ ಇಲ್ಲ. ಇನ್ನೊಂದು ಬಗೆ ಫೇಡ್‌ಔಟಿನದು, ಅಂದರೆ ಸದ್ದನ್ನು ಮೆಲ್ಲಗೆ ಇಳಿಸಿ ಮುಗಿಸುವುದು. ನೇರ ಗೆರೆಯ ಫೇಡ್ ಹಾಕಿದರೆ ಕಿವಿಗೆ ಬಹಳ ಹೊತ್ತು ಏನೂ ಇಳಿಯದಂತೆ ಕೇಳಿಸಿ ತೀರಾ ಕೊನೆಗೆ ದಡಕ್ಕನೆ ಬಿದ್ದ ಹಾಗಾಗುತ್ತದೆ. ಗೆರೆಯನ್ನು ಬಾಗಿಸಿದರೆ ಸರಿ ಹೋಗುತ್ತದೆ.

ಗೇಮಿಗೆ ಸುತ್ತುವ ಟ್ರ್ಯಾಕ್ ಆದರೆ ಇನ್ನೊಂದು ಮಾತು. ಎಂಪಿ3 ಮಾಡುವಾಗ ಫೈಲಿನ ಶುರುವಿಗೆ ಮತ್ತು ಕೊನೆಗೆ ಚೂರು ಮೌನ ಸೇರಿಕೊಳ್ಳುತ್ತದೆ, ಅದರಿಂದ ಪ್ರತಿ ಸುತ್ತಿಗೂ ಒಂದು ಬಿಕ್ಕಳಿಕೆ ಬರಬಹುದು. ಅದಕ್ಕೆ ವೇವ್‌ನಲ್ಲಿ ಕೇಳಿ ಆಮೇಲೆ ಮಾತಾಡಿ.

"ಸದ್ದು ಕಡಿಮೆ ಇದೆ, ಜೋರು ಮಾಡು" ಎನ್ನುವುದನ್ನು ಬಿಟ್ಟುಬಿಡಿ. ದೊಡ್ಡ ಸ್ಟ್ರೀಮಿಂಗ್ ಆ್ಯಪ್‌ಗಳು ಹೇಗೂ ಟ್ರ್ಯಾಕ್‌ಗಳನ್ನು −14 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಎಂದು ಅಳೆಯುವ ಮಾನ) ಆಸುಪಾಸಿಗೆ ಹೊಂದಿಸುತ್ತವೆ. ಹಿಂಡಿ ಜೋರು ಮಾಡಿದ ಆಂಬಿಯೆಂಟ್ ಟ್ರ್ಯಾಕ್ ಅಲ್ಲಿ ಜೋರಾಗಿಯೂ ಕೇಳುವುದಿಲ್ಲ, ಅದರ ಏರಿಳಿತವೂ ಹೋಗಿರುತ್ತದೆ.

## ಹಂತ 6: ಬರೆದದ್ದನ್ನು ಮೂರು ಗುಂಪು ಮಾಡಿ

ಖಂಡಿತ ತಪ್ಪು: ಟಿಕ್, ತುಂಡಾದ ಕೊನೆ, ಮೋನೋದಲ್ಲಿ ಮಾಯವಾದ ಪ್ಯಾಡ್. ಇವನ್ನು ನೇರವಾಗಿ ಹೇಳಿ, ಸುತ್ತಿ ಬಳಸಬೇಡಿ.

ಅನುಮಾನ: ಉಬ್ಬಿಳಿತ, ಮಸುಕು, ಗೊರಗೊರ, ನಿಧಾನಗತಿ. ಇವೆಲ್ಲ ಪ್ರಶ್ನೆಯಾಗಿ ಹೋಗಬೇಕು. ನಾನು ಒಬ್ಬರಿಗೆ "ಹಿಂದೆ ಹಿಸ್ ಜಾಸ್ತಿ ಇದೆ, ನಾಯ್ಸ್ ರಿಡಕ್ಷನ್ ಹಾಕಿ" ಎಂದು ಗತ್ತಿನಿಂದ ಬರೆದೆ (ಹಿಸ್ ಅಂದರೆ ಸುಯ್ ಎನ್ನುವ ಗದ್ದಲ). ಅದು ಅವರು ರಾತ್ರಿ ಕಿಟಕಿ ಪಕ್ಕ ಮೈಕ್ ಇಟ್ಟು ರೆಕಾರ್ಡ್ ಮಾಡಿದ ಮಳೆ. ಟ್ರ್ಯಾಕಿನ ಹೆಸರಲ್ಲೇ ಮಳೆ ಇತ್ತು, ನಾನು ಹೆಸರು ಓದಿರಲಿಲ್ಲ. ಮಳೆ ಹಿಸ್ ಥರ ಕೇಳಿಸುತ್ತಿದೆ ಅನ್ನುವುದು ಅವರಿಗೆ ಬೇಕಾದ ಮಾಹಿತಿಯೇ ಆಗಿತ್ತು ನೋಡಿ. ನಾನು ಅದನ್ನು ಹೇಳಲಿಲ್ಲ, ಮಳೆ ತೆಗೆಯಿರಿ ಎಂದೆ.

ನನ್ನ ರುಚಿ: "ನಾನಾಗಿದ್ದರೆ ಇಲ್ಲಿ ಚೆಲ್ಲೋ ಹಾಕುತ್ತಿದ್ದೆ" ಥರದ್ದೆಲ್ಲ. ಮುಕ್ಕಾಲು ಪಾಲು ಅಳಿಸಿ. ಒಂದನ್ನು ಇಟ್ಟುಕೊಂಡರೂ ಇದು ನನ್ನ ರುಚಿ ಎಂದು ಹೆಸರು ಹೇಳಿಯೇ ಇಡಿ.

ಇಷ್ಟಾದ ಮೇಲೂ ಹತ್ತು ಹನ್ನೆರಡು ಅಂಶ ಉಳಿದಿದ್ದರೆ ಮೂರು-ನಾಲ್ಕಕ್ಕೆ ಇಳಿಸಿ. ಇಡೀ ಟ್ರ್ಯಾಕ್ ಮೇಲೆ ಪರಿಣಾಮ ಮಾಡುವುದು ಮೊದಲು, ಒಂದು ಸೆಕೆಂಡಿನ ದೋಷ ಕೊನೆಗೆ.

## ಹಂತ 7: ಬರೆಯುವುದು

ಮೊದಲು ನಿಮಗೆ ಅನ್ನಿಸಿದ್ದು ಎರಡು ಸಾಲು, ಆಮೇಲೆ ಕೆಲಸ ಮಾಡಿದ ಜಾಗ, ಆಮೇಲೆ ತಪ್ಪು, ಪ್ರಶ್ನೆ. ಯಾವುದರಲ್ಲಿ ಕೇಳಿದಿರಿ ಎಂಬುದನ್ನೂ ಹೇಳಿ. ಸುಮಾರಾಗಿ ಹೀಗೆ:

"ವೈರ್ ಹೆಡ್‌ಫೋನಲ್ಲಿ ಮೂರು ಸಲ, ಫೋನಲ್ಲಿ ಒಂದು ಸಲ ಕೇಳಿದೆ. ಖಾಲಿ ಕಟ್ಟಡದಲ್ಲಿ ಒಬ್ಬನೇ ನಡೆದ ಹಾಗಿತ್ತು, ಆದರೆ ಹೆದರಿಕೆ ಆಗಲಿಲ್ಲ. 2:40ರ ಪ್ಯಾಡ್ ಬಂದದ್ದೇ ಗೊತ್ತಾಗಲಿಲ್ಲ, ಅದನ್ನು ಮುಟ್ಟಬೇಡ. 3:05ರಿಂದ ಹಕ್ಕಿ 12 ಸೆಕೆಂಡಿಗೊಮ್ಮೆ ಅದೇ ಕೂಗು ಕೂಗುತ್ತದೆ, ಅಲ್ಲಿಂದ ನಾನು ಲೂಪ್ ಎಣಿಸೋಕೆ ಶುರು ಮಾಡಿದೆ. 5:50ರಲ್ಲಿ ಕೆಳಗಿನ ಸದ್ದು ಒತ್ತಿದ ಹಾಗಾಯ್ತು, ಉಸಿರು ಕಟ್ಟಬೇಕು ಅಂತಲೇ ಇತ್ತಾ? ಇಲ್ಲಾಂದ್ರೆ ರಿವರ್ಬಿನ ಕೆಳಭಾಗ ಕಡಿದು ನೋಡು. ಕೊನೆಯ ಬಾಲ ಎಕ್ಸ್‌ಪೋರ್ಟಲ್ಲಿ ತುಂಡಾಗಿದೆ."

ಇದರಲ್ಲಿ "ಚೆನ್ನಾಗಿದೆ" ಎಂಬ ಮಾತೇ ಇಲ್ಲ, ಆದರೂ ಓದಿದವರಿಗೆ ಯಾರೋ ಕೂತು ಕೇಳಿದ್ದಾರೆ ಎಂದು ಗೊತ್ತಾಗುತ್ತದೆ, ಅಲ್ವಾ? ಕಳಿಸುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ. ಮುಖಾಮುಖಿ ಹೇಳಲಾಗದ ಸಾಲು ಇದ್ದರೆ ತಿದ್ದಿ.

## ದಾರಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ

ನಿಮ್ಮ ಬರಹದಲ್ಲಿ "ನಾನಾಗಿದ್ದರೆ" ಎರಡಕ್ಕಿಂತ ಜಾಸ್ತಿ ಸಲ ಬಂದಿದೆ. ಒಂದೂ ಟೈಮ್‌ಸ್ಟ್ಯಾಂಪ್ ಇಲ್ಲ. ಬೇರೆ ಯಾರದೋ ಆಲ್ಬಮ್ಮಿನ ಹೆಸರು ಹೇಳಿ "ಹಾಗೆ ಮಾಡು" ಅಂದಿದ್ದೀರಿ. ಪ್ಲಗಿನ್ ಹೆಸರುಗಳೇ ತುಂಬಿವೆ, ಸದ್ದು ಹೇಗೆ ಕೇಳಿಸಿತು ಎಂಬುದು ಎಲ್ಲೂ ಇಲ್ಲ. ಇವುಗಳಲ್ಲಿ ಯಾವುದೇ ಒಂದಿದ್ದರೂ ಹಂತ 6ಕ್ಕೆ ವಾಪಸ್ ಹೋಗಿ.

ಆ ಕಡೆಯಿಂದಲೂ ಸೂಚನೆ ಬರುತ್ತದೆ. "ಹೌದು, ನಾಳೆ ತಿದ್ದುತ್ತೇನೆ" ಎಂದು ಎಲ್ಲಕ್ಕೂ ತಲೆಯಾಡಿಸಿದರೆ ಖುಷಿ ಪಡಬೇಡಿ, ನಿಮ್ಮ ಮಾತಿಗೆ ತಮ್ಮ ಟ್ರ್ಯಾಕನ್ನೇ ಒಪ್ಪಿಸಿಬಿಟ್ಟಿರಬಹುದು. ಪ್ರತಿಯೊಂದಕ್ಕೂ ಉದ್ದುದ್ದ ಸಮರ್ಥನೆ ಬಂದರೆ ನೀವು ಪ್ರಶ್ನೆ ಕೇಳಬೇಕಾದಲ್ಲಿ ತೀರ್ಪು ಕೊಟ್ಟಿದ್ದೀರಿ ಎಂದೇ ಅರ್ಥ, ಹೆಚ್ಚಾಗಿ.

## ಹಂತ 8: ಎರಡನೇ ಆವೃತ್ತಿ ಬಂದಾಗ

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಕೇಳುವಾಗ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಿದ್ದರೂ ಸಾಕು, ಕಿವಿ ಅದನ್ನು "ಜೋರು" ಎಂದು ಗುರುತಿಸುವುದಿಲ್ಲ, "ಇದೇ ಚೆನ್ನಾಗಿದೆ" ಎಂದುಬಿಡುತ್ತದೆ.

ಮೊದಲ ಸಲ ಹೇಳಿದ್ದನ್ನು ಮಾತ್ರ ನೋಡಿ, ಹೊಸ ತಕರಾರು ತೆಗೆಯಬೇಡಿ. ಹೊಸ ಮಿಕ್ಸ್‌ನಲ್ಲಿ ಹೊಸದಾಗಿ ಹುಟ್ಟಿದ ತೊಂದರೆ ಇದ್ದರೆ ಅದು ಬೇರೆ ಮಾತು. ನೀವು ಹೇಳಿದ್ದನ್ನು ಅವರು ಮಾಡದೇ ಬಿಟ್ಟಿದ್ದರೆ ಯಾಕೆ ಎಂದು ಕೆದಕಬೇಡಿ. ಮಳೆಯ ಟ್ರ್ಯಾಕಿನ ಗೆಳೆಯರು ಎರಡನೇ ಸಲ ಕಳಿಸಿದಾಗ ಮಳೆಯನ್ನು ತೆಗೆದಿರಲಿಲ್ಲ, ಇನ್ನೂ ಸ್ವಲ್ಪ ಏರಿಸಿದ್ದರು, ಶುರುವಿನಲ್ಲಿ ತಗಡಿನ ಮೇಲೆ ನಾಲ್ಕು ದಪ್ಪ ಹನಿ ಬೀಳುವ ಸದ್ದು ಸೇರಿಸಿದ್ದರು. ಆ ನಾಲ್ಕು ಹನಿ ಕೇಳಿದ ಮೇಲೆ ಒಮ್ಮೆಯೂ ಅದು ಹಿಸ್ ಅನ್ನಿಸಲಿಲ್ಲ.